ಪೆಟೀಟ್ ಹುಡುಗಿ

ಹಿರಿಯೂರಿನಿಂದ ಹೆಣ್ಣು ನೋಡಲು ಬಂದವರ ಮುಂದೆ ಚೈತ್ರಾ ಮಂಡಕ್ಕಿ ತಟ್ಟೆಗಳನ್ನಿಟ್ಟು ನೆಟ್ಟಗೆ ನಿಂತಳು. ಗಂಡಿನ ತಾಯಿ ಹುಲಿಗೆಮ್ಮ ತಲೆಯಿಂದ ಕಾಲಿನವರೆಗೆ ನೋಡಿ, ನೋಡುವುದು ಇಷ್ಟು ಬೇಗ ಮುಗಿಯಿತೇ ಎಂಬಂತೆ ಮುಖ ಸಿಂಡರಿಸಿದರು.

“ಏನ್ರಿ ಮೂರ್ತಪ್ಪ, ಹುಡುಗಿ ಪೆಟೀಟ್ ಅಂದಿದ್ರಿ. ನಾನು ಬಿ.ಎಡ್. ತರ ಅದೂ ಒಂದು ಓದು ಅನ್ಕಂಡಿದ್ದೆ!”

ದಲ್ಲಾಳಿ ಮೂರ್ತಪ್ಪ ಚೈತ್ರಾಳ ಅಣ್ಣನತ್ತ ಕೈ ತೋರಿಸಿದ. “ಯೋಗೇಶಪ್ಪನೇ ಹಂಗೆ ಹೇಳು ಅಂದಿದ್ದು. ನನಗೇನು ಇಂಗ್ಲಿಷ್ ಬರ್ತೈತಾ?”

ತಾಳ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಚೈತ್ರಾಳಿಗೆ ಕಾಯಿಲೆಗಳ ಇಂಗ್ಲಿಷ್ ಹೆಸರೆಲ್ಲ ಬಾಯಿಗೆ ಬರುತ್ತಿತ್ತು. ಈ ಪದ ಮಾತ್ರ ಹೊಸದು.

“ಹಂಗಂದ್ರೇನಣ್ಣ?”

ಯೋಗೇಶ್ ತಟ್ಟೆಗಳನ್ನು ಬಂದವರತ್ತ ಸರಿಸಿದ. ಉತ್ತರ ಕೊಟ್ಟವನು ಗಂಡು ಹರೀಶ್. ಅವನು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು.

“ಸಣ್ಣ ಮೈಕಟ್ಟು, ನೋಡಕ್ಕೆ ಲಕ್ಷಣ ಅಂತ. ಹೊಗಳೋ ಮಾತೇ.”

“ಗಂಡಸರಿಗೂ ಅಂತಾರಾ?”

“ಇಲ್ಲ. ಹೆಂಗಸರಿಗೆ, ಅವರ ಬಟ್ಟೆ ಸೈಜಿಗೆ, ಅಷ್ಟೇ.”

“ನನ್ನಷ್ಟೇ ಇರೋ ಗಂಡಸಿಗೆ?”

“ಶಾರ್ಟ್ ಅಂತೀವಿ.”

“ಸುತ್ತಿ ಬಳಸದೆ?”

“ಪಾಠ ಸಾಕು,” ಎಂದರು ಹುಲಿಗೆಮ್ಮ. “ಬಾರಮ್ಮ, ನನ್ನ ಮಗನ ಪಕ್ಕ ನಿಂತ್ಕ. ಎಲ್ಲಿಗೆ ಬರ್ತೀಯ ನೋಡಾಣ.”

“ನಿಂತ್ಕಳೇ,” ಯೋಗೇಶ್ ಹಲ್ಲು ಕಚ್ಚಿದ. ಚೈತ್ರಾ ಕದಲಲಿಲ್ಲ.

ಹರೀಶ್ ನಕ್ಕ. “ಬಿಡಮ್ಮ, ನಾನೇ ಅಡ್ಜಸ್ಟ್ ಮಾಡ್ಕಂತೀನಿ. ಹೈ ಹೀಲ್ಸ್ ಹಾಕಿಸಿದ್ರಾಯ್ತು.”

ಅವಳ ಮೈಯೆಲ್ಲ ಉರಿದುಹೋಯಿತು. ಹುಲಿಗೆಮ್ಮನ ಚುಚ್ಚುಮಾತಿಗಿಂತ ಈ ಔದಾರ್ಯವೇ ಹೆಚ್ಚು ಕೆರಳಿಸಿತು.

“ನಾನು ಅಡ್ಜಸ್ಟ್ ಮಾಡ್ಕಳಲ್ಲ. ಮಂಡಕ್ಕಿ ತಿಂದು ಹೊರಡ್ರಿ.”

ಯಾರೂ ತಿನ್ನಲಿಲ್ಲ. ಕಾರು ಹೊರಟ ಸದ್ದು ಅಡಗುವ ಮೊದಲೇ ಯೋಗೇಶ್ ತಿರುಗಿಬಿದ್ದ.

“ಕುಳ್ಳಿ ಅಂದಿದ್ರೆ ಯಾರೇ ಬರ್ತಿದ್ರು? ನಿನ್ನ ಸಲುವಾಗೇ ಹಂಗೆ ಹೇಳಿದ್ದು!”

“ನನ್ನ ಸಲುವಾಗಲ್ಲ. ನನ್ನನ್ನ ತಂಗಿ ಅಂತ ತೋರ್ಸಕ್ಕೆ ನಿನಗೇ ನಾಚ್ಕೆ.”

ಅವನು ತಟ್ಟೆ ಒದ್ದ. ಮಂಡಕ್ಕಿ ಹೊಸಿಲವರೆಗೂ ಚೆಲ್ಲಾಡಿತು. ತಾಯಿ ಹೊನ್ನಕ್ಕ ಕಣ್ಣೊರೆಸಿಕೊಂಡು ಪೊರಕೆ ಎತ್ತಿದರೆ, ಚೈತ್ರಾ ಅದನ್ನು ಕಸಿದು ಬಾಗಿಲಿಗೆ ಒರಗಿಸಿದಳು.

“ಚೆಲ್ಲಿದೋನು ಗುಡಿಸ್ಲಿ.”

ಬೈಕು ಹತ್ತಿ ಹೋದ ಯೋಗೇಶ್ ದೀಪ ಹಚ್ಚುವ ಹೊತ್ತಿಗೆ ಹಿಂತಿರುಗಿದ. ಮಂಡಕ್ಕಿ ಹಾಗೇ ಬಿದ್ದಿತ್ತು, ಇರುವೆ ಮುತ್ತಿತ್ತು. ತಾಯಿ, ತಂಗಿ ಇಬ್ಬರೂ ಪೊರಕೆ ಮುಟ್ಟದೆ ಕೂತಿದ್ದರು. ಅವನು ಬುಸುಗುಡುತ್ತಾ ಬಗ್ಗಿ ಗುಡಿಸಿದ. ಆ ತಿಂಗಳೆಲ್ಲ ಚೈತ್ರಾಳ ಜೊತೆ ಒಂದು ಮಾತನ್ನೂ ಆಡಲಿಲ್ಲ.