ಅಜ್ಜಿ ತಿಂದ ಕೆಂಪು ಕರಡಿ

ಅಜ್ಜಿಯ ಸುಕ್ಕುಗಟ್ಟಿದ ಅಂಗೈ ಮೇಲೆ ಕುಳಿತಿದ್ದ ಆ ಕೆಂಪು ಕರಡಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು. ಬೆಳಕಿಗೆ ಹಿಡಿದರೆ ಮಾಣಿಕ್ಯದಂತೆ ಹೊಳೆಯುತ್ತಿತ್ತು. ಗೆಳತಿಯ ಹುಟ್ಟುಹಬ್ಬದಲ್ಲಿ ಸಿಕ್ಕಿದ ಕರಡಿಯಾಕಾರದ ಜೆಲ್ಲಿ ಮಿಠಾಯಿಯ ಪೊಟ್ಟಣದಲ್ಲಿ ಕೊನೆಗೆ ಉಳಿದದ್ದು ಅದೊಂದೇ. ನಾನಾಗ ಎಂಟು ವರ್ಷದವಳು. "ಹಣ್ಣಿಂದು ಅಜ್ಜಿ, ತಿನ್ನು" ಎಂದು ನಾನೇ ಹಟ ಹಿಡಿದೆ. ಅಜ್ಜಿ ನಕ್ಕು ಬಾಯಿಗೆ ಹಾಕಿಕೊಂಡಳು.

ಚಂದ್ರಮತಿ ಅಜ್ಜಿ ಜೈನ ವ್ರತಗಳನ್ನು ನಲವತ್ತು ವರ್ಷ ಒಂದು ದಿನವೂ ತಪ್ಪದೆ ನಡೆಸಿಕೊಂಡು ಬಂದವಳು. ಬಟ್ಟೆಯಲ್ಲಿ ಸೋಸದ ನೀರನ್ನು ಕುಡಿದವಳಲ್ಲ. ಗುಡಿಸುವಾಗ ಇರುವೆ ಕಂಡರೆ ಪೊರಕೆ ನಿಲ್ಲಿಸಿ, ಅದು ದಾಟುವವರೆಗೂ ಕಾಯುತ್ತಿದ್ದಳು.

ನಾಲ್ಕು ದಿನ ಕಳೆದ ಮೇಲೆ ನನ್ನ ಅಕ್ಕ ಯಶೋಮತಿ ಶಾಲೆಯಿಂದ ಬಂದವಳೇ ಹೊಸ ಸುದ್ದಿ ಹೇಳಿದಳು.

"ಆ ಕರಡಿ ಮಿಠಾಯಿ ಅಂಟಂಟಾಗಿರೋದು ಜೆಲಟಿನ್‌ನಿಂದ ಕಣೇ. ದನದ ಮೂಳೆ, ಚರ್ಮ ಬೇಯಿಸಿ ತೆಗೀತಾರಂತೆ. ಥೂ, ನಾನಂತೂ ಇನ್ನು ಮುಟ್ಟಲ್ಲ."

ಅಜ್ಜಿಯ ವ್ರತ ನನ್ನಿಂದಲೇ ಮುರಿದಿತ್ತು. ಯಾರಿಗೂ ಏನೂ ಹೇಳಲಿಲ್ಲ. ತಟ್ಟೆಯ ಮುಂದೆ ಕುಳಿತರೆ ಅನ್ನದ ನಡುವೆ ಅದೇ ಕೆಂಪು ಕರಡಿ ಕಾಣುತ್ತಿತ್ತು. ತಟ್ಟೆಯನ್ನು ಹಾಗೇ ಸರಿಸಿ ಏಳುತ್ತಿದ್ದೆ. ಅಜ್ಜಿ ಬಸದಿಗೆ ಕರೆದರೆ ಕಾಲುನೋವೆಂದೆ. ಮೂರನೆಯ ದಿನ ಅಮ್ಮ ಡಾಕ್ಟರ ಮಾತೆತ್ತಿದಾಗ ಅಜ್ಜಿ, "ಇವತ್ತೊಂದು ದಿನ ನನ್ನ ಹತ್ರ ಬಿಡು" ಎಂದಳು.

ಅಡುಗೆಮನೆಯಲ್ಲಿ ಒಂದು ಬುಟ್ಟಿ ನೇರಳೆ ಹಣ್ಣಿತ್ತು. ಪಕ್ಕದ ಬಟ್ಟಲಲ್ಲಿ ಒಣಹುಲ್ಲಿನಂಥ ಬಿಳಿ ಎಳೆಗಳು ನೆನೆಯುತ್ತಿದ್ದವು.

"ಇದು ಚೈನಾ ಗ್ರಾಸು. ಸಮುದ್ರದ ಪಾಚಿಯಿಂದ ಮಾಡೋದು. ಬಾ, ನಾವೇ ಕರಡಿ ಮಿಠಾಯಿ ಮಾಡೋಣ."

ಅಜ್ಜಿ ಒಂದೊಂದೇ ಹಣ್ಣು ಬಿಡಿಸಿ, ಹುಳವಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಕೊಟ್ಟಳು. ನಾನು ಕಿವುಚಿ ರಸ ತೆಗೆದೆ. ರಸ, ಬೆಲ್ಲ, ಎಳೆ ಎಲ್ಲವನ್ನೂ ಒಟ್ಟಿಗೆ ಕುದಿಸಿದ್ದರಿಂದಲೋ ಏನೋ, ಮೊದಲ ಸಲ ಅದು ಗಟ್ಟಿಯಾಗದೆ ಗಂಜಿಯ ಹಾಗೆ ಉಳಿಯಿತು. ಎರಡನೆಯ ಸಲ ಎಳೆಗಳನ್ನು ಬರಿಯ ನೀರಿನಲ್ಲಿ ಪೂರ್ತಿ ಕರಗಿಸಿ, ಒಲೆಯಿಂದ ಇಳಿಸಿದ ಮೇಲೆ ರಸ, ಬೆಲ್ಲ ಬೆರೆಸಿದೆವು. ಎಣ್ಣೆ ಸವರಿದ ತಟ್ಟೆಗೆ ಅಜ್ಜಿ ಅದನ್ನು ಸುರಿಯುವಾಗ ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಅವತ್ತು ನಾನು ಕೊಟ್ಟಿದ್ದು ಹಣ್ಣಿಂದಲ್ಲ. ಅದ್ರಲ್ಲಿ ಮೂಳೆ..." ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ಅಜ್ಜಿ ಪಾತ್ರೆ ಕೆಳಗಿಟ್ಟಳು. "ಗೊತ್ತು ಮಗಾ. ಮಾರನೇ ದಿನವೇ ಕಸ ಗುಡಿಸುವಾಗ ಪೊಟ್ಟಣ ಸಿಕ್ತು. ಎದುರುಮನೆ ಮೇಷ್ಟ್ರ ಹತ್ರ ಓದಿಸ್ದೆ."

"ಮತ್ತೆ ನಿನ್ನ ವ್ರತ?"

"ಹೊಟ್ಟೆ ಸರಿಯಿಲ್ಲ ಅಂತ ಒಂದು ದಿನ ಊಟ ಬಿಟ್ನಲ್ಲ, ಅದೇ ಪ್ರಾಯಶ್ಚಿತ್ತ. ಬಸದೀಲಿ ಕ್ಷಮೆ ಕೇಳ್ಕೊಂಡೆ. ತಿಳೀದೆ ಆದದ್ದು, ಅಲ್ಲಿಗೆ ಮುಗೀತು. ನೀನು ನೊಂದ್ಕೋತೀಯ ಅಂತ ಬಾಯಿ ಬಿಡ್ಲಿಲ್ಲ. ಯಶೋಮತಿ ನಿನಗೆ ಹೇಳಿದ್ದು ಇವತ್ತು ಬೆಳಿಗ್ಗೆಯಷ್ಟೇ ಗೊತ್ತಾಯ್ತು. ನೀನು ನೋಡಿದ್ರೆ ನನಗಿಂತ ಜಾಸ್ತಿ ಉಪವಾಸ ಮಾಡ್ಬಿಟ್ಟಿದೀಯ!"

ಅಳುತ್ತಲೇ ನಕ್ಕುಬಿಟ್ಟೆ. ಎದೆ ಹಗುರಾಗಿ, ಆ ಕ್ಷಣವೇ ಎಂಥ ಹಸಿವಾಯಿತೆಂದರೆ, ಗಂಜಿಯಂತೆ ಉಳಿದಿದ್ದ ಮೊದಲ ಪಾಕವನ್ನೇ ಲೋಟಕ್ಕೆ ಸುರಿದುಕೊಂಡು ಕುಡಿದೆ.

ಸಂಜೆಯ ಹೊತ್ತಿಗೆ ತಟ್ಟೆಯದು ಗಟ್ಟಿಯಾಯಿತು. ಕರಡಿ ಕತ್ತರಿಸಲು ಹೋಗಿ ಆದದ್ದೆಲ್ಲ ಆಮೆಗಳೇ. ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ತಿಂದೆವು. ಅಂಗಡಿಯದರಂತೆ ಅಂಟದೆ, ಹಲ್ಲಿಗೆ ತಾಕಿದೊಡನೆ ಒಡೆದು ಕರಗುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಅಜ್ಜಿ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಪಡುವಣದತ್ತ ನೋಡಿದಳು. ಸೂರ್ಯನಿನ್ನೂ ಹಿತ್ತಿಲ ಗೋಡೆಗಿಂತ ಗೇಣು ಮೇಲಿದ್ದ.

"ಇನ್ನೂ ಹೊತ್ತಿದೆ" ಎಂದು, ನೇರಳೆ ಬಣ್ಣ ಹತ್ತಿದ ನಾಲಿಗೆಯಿಂದ ತುಟಿ ಸವರಿಕೊಂಡು, ಅಜ್ಜಿ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.