ವಿಷವಿಟ್ಟ ಕರು

ಜಾಂಬೋಟಿಯ ಆಚೆ, ಕಾಡಿನಲ್ಲಿ ಬಿಟ್ಟುಹೋದ ಕಲ್ಲುಗಣಿಯ ಸುತ್ತ ಮತ್ತೆ ಪೊದೆ ಬೆಳೆದು ಸೀಳುನಾಯಿಗಳು ಮರಳಿದ್ದವು. ಹಾಳಾದ ನೆಲಕ್ಕೆ ಯಾವ ಪ್ರಾಣಿ, ಯಾವ ಗಿಡ ಮೊದಲು ಹಿಂತಿರುಗುತ್ತವೆ ಎಂಬುದು ಅನುಜಾಳ ಸಂಶೋಧನೆ. ಬೆಳಗಾವಿಯ ರವಿವಾರ ಪೇಟೆಯ ಈ ಹುಡುಗಿ ಮರಗಳಿಗೆ ಕ್ಯಾಮೆರಾ ಕಟ್ಟಿ ಸೀಳುನಾಯಿಗಳ ಫೋಟೋ ತೆಗೆದಳು. ಫೋಟೋ ನೋಡಿದ ಅರಣ್ಯ ಅಧಿಕಾರಿಗಳು ಅಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಿದರು. ಅಂದಿನಿಂದ ಪಕ್ಕದ ಊರಲ್ಲಿ ಯಾರೂ ಅವಳಿಗೆ ಒಂದು ತಂಬಿಗೆ ನೀರು ಕೊಡಲಿಲ್ಲ.

ಆ ಬೆಳಿಗ್ಗೆ ಗಣಿಯ ಅಂಚಿನಲ್ಲಿ ಸೀಳುನಾಯಿಗಳು ಕೊಂದು ಅರೆ ತಿಂದ ಎಮ್ಮೆಕರು ಬಿದ್ದಿತ್ತು. ಪಕ್ಕದಲ್ಲಿ ಕಾಗೆಗಳು ಸತ್ತಿದ್ದವು. ಕೀಟನಾಶಕದ ವಾಸನೆ ಮೂಗಿಗೆ ಹೊಡೆಯಿತು. ಅನುಜಾ ಮೊಬೈಲ್ ತೆಗೆಯುತ್ತಿದ್ದಂತೆ ಕರುವಿನ ಮಾಲೀಕ ಸಾತಪ್ಪ ಪೊದೆಯಿಂದ ಹೊರಬಂದ. ಕೈಯಲ್ಲಿ ಕುಡಗೋಲು.

"ಫೋನ್ ಒಳಗ ಇಡು."

"ವಿಷ ಹಾಕೀರಿ?"

"ನನ್ನ ಕರ, ನನ್ನ ಎಣ್ಣಿ. ನಿನಗೇನ? ದನಾ ಮೇಯೂ ಜಾಗಾ ಕಸಗೊಂಡಿ. ಈಗ ಆ ನಾಯಿ ಮನಿ ಬಾಗಲಕ್ಕ ಬಂದಾವು."

"ಮೇಯಸೂದು ನಿಲ್ಲಸ್ರಿ ಅಂತ ನಾ ಹೇಳಿಲ್ಲ, ಸಾತಪ್ಪಣ್ಣ."

"ಫೋಟೋ ಕೊಟ್ಟಾಕಿ ಯಾರು?"

ಅಷ್ಟರಲ್ಲಿ ಪೊದೆಯ ಹಿಂದೆ ನರಳಿಕೆ ಕೇಳಿಸಿತು. ಸಾತಪ್ಪನ ಸಾಕುನಾಯಿ ನೊರೆ ಕಾರುತ್ತ ಕಾಲು ಬಡಿಯುತ್ತಿತ್ತು. ಅದೂ ಕರುವಿಗೆ ಬಾಯಿ ಹಾಕಿತ್ತು. ಅವನು ಕುಡಗೋಲು ಎಸೆದು ಮೊಣಕಾಲೂರಿ ಅದರ ತಲೆ ಹಿಡಿದ.

"ಎತ್ಕೋರಿ. ಖಾನಾಪುರಕ್ಕ ಹೋಗೂಣು," ಎಂದು ಅನುಜಾ ಬೈಕ್ ಚಾಲೂ ಮಾಡಿದಳು.

ಅವನಿಗೆ ಅವಳ ಹಿಂದೆ ಕೂರುವುದೇ ಅವಮಾನ. ಆದರೂ ನಾಯಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೂತ.

ದನದ ದವಾಖಾನೆಯಲ್ಲಿ ಡಾಕ್ಟರು, "ಏನ್ ತಿಂದೈತಿ? ಹೇಳದಿದ್ರ ಯಾವ ಇಂಜೆಕ್ಷನ್ ಕೊಡಲಿ?" ಎಂದರು.

ಸಾತಪ್ಪ ಅನುಜಾಳ ಮುಖ ನೋಡಿದ. ಬಾಯಿಬಿಟ್ಟರೆ ಕೇಸು ಎಂಬುದು ಅವನಿಗೆ ಗೊತ್ತಿತ್ತು. ನಾಯಿ ಮತ್ತೆ ಸೆಟೆದುಕೊಂಡಿತು.

"ಭತ್ತಕ್ಕ ಹೊಡಿಯೂ ಎಣ್ಣಿ," ಎಂದ, ಹಲ್ಲು ಕಚ್ಚಿ. ಹೆಸರನ್ನೂ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ನಾಯಿಯ ಉಸಿರು ಹದಕ್ಕೆ ಬಂತು. ಹೊರಗೆ ಬೇವಿನ ನೆರಳಲ್ಲಿ ಸಾತಪ್ಪ ಅವಳತ್ತ ತಿರುಗಿದ.

"ಕೇಸ್ ಮಾಡ್ತೀ ಏನು?"

"ಆ ಕರ ಸುಟ್ಟಹಾಕ್ರಿ. ಮಾಡಂಗಿಲ್ಲ."

"ಸುಡ್ತೀನಿ. ನೀ ಮಾತ್ರ ನಮ್ಮೂರಿಗೆ ಬರಬ್ಯಾಡ."

"ಬರ್ತೀನಿ."

"ನಾಯಿ ಉಳಿಸೀನಿ ಅಂತ ಸೊಕ್ಕ ಬಂತೇನು?"

"ಹಂಗ ತಿಳಕೋರಿ."

ಸಂಜೆಗೆ ಮುಂಚೆ ಇಬ್ಬರೂ ಕಟ್ಟಿಗೆ ಒಟ್ಟಿ, ಸೀಮೆಎಣ್ಣೆ ಸುರಿದು ಕರುವನ್ನೂ ಕಾಗೆಗಳನ್ನೂ ಸುಟ್ಟರು. ಬೆಂಕಿಯ ಆಚೆ ಅವನು, ಈಚೆ ಅವಳು. ಹೊಗೆ ತನ್ನ ಮುಖಕ್ಕೆ ಬಂದರೂ ಅವಳು ಅವನ ಬದಿಗೆ ಸರಿಯಲಿಲ್ಲ. ದೂರದಲ್ಲಿ ಸೀಳುನಾಯಿಯೊಂದು ಸಿಳ್ಳೆಯಂತೆ ಕೂಗಿತು. ಸಾತಪ್ಪ ಆ ದಿಕ್ಕಿಗೆ ಉಗುಳಿದ.

ಮರುವಾರ ಊರವರು ಸಭೆ ಸೇರಿ ಅವಳಿಗೆ ಯಾರೂ ದಾರಿ ತೋರಿಸಬಾರದೆಂದು ತೀರ್ಮಾನಿಸಿದರು. ಅವಳ ವಿರುದ್ಧ ಮೊದಲು ಮಾತಾಡಿದವನು ಸಾತಪ್ಪನೇ. ವಿಷದ ಸಂಗತಿಯನ್ನು ಅವನೂ ಎತ್ತಲಿಲ್ಲ, ಅವಳೂ ಯಾರಿಗೂ ಹೇಳಲಿಲ್ಲ. ಅನುಜಾ ಖಾನಾಪುರದಲ್ಲಿ ಬಾಡಿಗೆ ಕೋಣೆ ಹಿಡಿದಳು. ಕಾಡಿನ ದಾರಿ ಅವಳಿಗೆ ಈಗಾಗಲೇ ಗೊತ್ತಿತ್ತು.