ಬಿಲ್ಕೀಸಳ ಟೈಪಿಂಗ್ ಮೇಜು

ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯಲ್ಲಿ ಬಡಗಿ ಜಮಾಲುದ್ದೀನನ ಮನೆ. ಹೆಂಡತಿ ಬಿಲ್ಕೀಸ್ ಊರಂಚಿನ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ಕಚೇರಿಯಲ್ಲಿ ಟೈಪಿಸ್ಟ್. ಆ ಮನೆತನದಿಂದ ನೌಕರಿಗೆ ಹೋದ ಮೊದಲ ಹೆಂಗಸು ಅವಳೇ. ಗಂಡನಿಗೆ ಅದೇ ಒಂದು ಹೆಮ್ಮೆ.

ಒಂದು ಚಳಿಗಾಲ ಅವಳ ಬಲಗೈ ಜೋಮು ಹಿಡಿಯತೊಡಗಿತು.

"ಕೈ ಬಾಳ ನೋಯ್ತೈತ್ರಿ."

ಜಮಾಲುದ್ದೀನ ನಕ್ಕ. "ದಿನಾ ಉಳಿ ಹೊಡೆಯೋ ನನಗೇ ಏನೂ ಆಗಿಲ್ಲ. ಕುಂತು ಬೆರಳಾಡಿಸೋಳಿಗೆ ಎಂಥ ನೋವು? ಎಣ್ಣೆ ಹಚ್ಕೋ."

ಪಕ್ಕದ ಮನೆಯ ಕಸ್ತೂರಮ್ಮ ಹರಿಹರದ ಆಸ್ಪತ್ರೆಯಲ್ಲಿ ನರ್ಸು. "ಹಂಗನ್ಬ್ಯಾಡ್ರಿ ಜಮಾಲಣ್ಣ, ಡಾಕ್ಟರಿಗೆ ತೋರಿಸ್ರಿ" ಅಂದರು.

"ನೋಡೋಣ ಬಿಡ್ರಿ ಅಕ್ಕಾರೆ."

ರಜೆ ಕೇಳಿದರೆ ಕೆಲಸ ಹೋದೀತೆಂದು ಬಿಲ್ಕೀಸಳೂ ಸುಮ್ಮನಾದಳು.

ರಂಜಾನ್ ಹಬ್ಬದ ಬೆಳಗ್ಗೆ ಸುರಕುಂಬಾ ಪಾಯಸಕ್ಕೆ ಕಾಯಿಸಿದ ಹಾಲಿನ ಪಾತ್ರೆ ಇಳಿಸುವಾಗ ಅವಳ ಹಿಡಿತ ತಪ್ಪಿತು. ಕುದಿಯುವ ಹಾಲು ಮಗಳು ಶಮೀಮಳ ಕಾಲ ಮೇಲೆ ಬಿತ್ತು.

ಕಸ್ತೂರಮ್ಮನೇ ಮೂವರನ್ನೂ ಹರಿಹರದ ತಮ್ಮ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಮಗುವಿನ ಕಾಲಿಗೆ ಪಟ್ಟಿ ಕಟ್ಟಿ, ತಾಯಿಯ ಕೈ ಹಿಡಿದು ನೋಡಿದರು. ಹೆಬ್ಬೆರಳ ಬುಡ ಬತ್ತಿಹೋಗಿತ್ತು.

"ಮಣಿಕಟ್ಟಲ್ಲಿ ನರ ಒತ್ತಿ ಸೊರಗೈತೆ. ಆಪರೇಷನ್ ಮಾಡಿದ್ರೆ ನೋವು ಇಳೀಬೌದು. ಹೋದ ಶಕ್ತಿ ಪೂರ್ತಿ ಬರೋದು ಕಷ್ಟ. ಮೊದಲೇ ಬರಬೇಕಿತ್ತಮ್ಮ."

ಬಿಲ್ಕೀಸ್ ಅಳಲಿಲ್ಲ. ಮಗಳ ಪಟ್ಟಿಯನ್ನೇ ನೋಡುತ್ತ ಕೂತಳು.

"ಇದೆಲ್ಲ ಹೆಂಗಾತು ಅಕ್ಕಾರೆ?" ಜಮಾಲುದ್ದೀನ ಕಸ್ತೂರಮ್ಮನನ್ನು ಕೇಳಿದ.

"ಕಚೇರಿಯಾಗ ಮೇಜು ಎತ್ತರ, ಕುರ್ಚಿ ಗಿಡ್ಡ ಅಂತ ಅವಳೇ ಹೇಳಿದ್ಲು. ದಿನವಿಡೀ ಮಣಿಕಟ್ಟು ಮಡಚಿ ಟೈಪ್ ಬಡಿದ್ರೆ ನರ ಏನು ಮಾಡೀತು?"

"ಊರಿಗೆಲ್ಲ ಅಳತೆ ತಗೊಂಡು ಕುರ್ಚಿ ಮಾಡಿಕೊಟ್ಟೆ. ನನ್ನ ಹೆಂಡ್ತಿ ಎಂಥದರ ಮ್ಯಾಲೆ ಕುಂತಾಳೆ ಅಂತ ಒಂದಿನ ಹೋಗಿ ನೋಡಲಿಲ್ಲ."

ಟೈಪ್ ಮಾಡಲು ಕೈ ಬಾರದೆ ಬಿಲ್ಕೀಸಳ ನೌಕರಿ ಹೋಯಿತು. ಅವಳ ಜಾಗಕ್ಕೆ ಮೈಲಮ್ಮ ಅನ್ನುವ ಹುಡುಗಿ ಬಂದಳು. ಸುದ್ದಿ ತಿಳಿದ ದಿನವೇ ಬಿಲ್ಕೀಸ್ ಗಂಡನಿಗೆ ಅಂದಳು: "ಗರಗಸ ತಗೊಂಡು ನಡೀರಿ. ಆ ಹುಡುಗಿಗೂ ಹಿಂಗಾಗೋದು ಬ್ಯಾಡ."

ಕಚೇರಿಯಲ್ಲಿ ಮ್ಯಾನೇಜರು ಮೊದಲು ಗೊಣಗಿದರು. ಬಿಲ್ಕೀಸ್ ತನ್ನ ಸೊರಗಿದ ಕೈ ಮುಂದೆ ಚಾಚಿದಳು. ಅವರು ದಾರಿ ಬಿಟ್ಟರು. ಜಮಾಲುದ್ದೀನ ಮೇಜಿನ ಕಾಲು ಕೊಯ್ದು ತಗ್ಗಿಸಿದ, ಬೆನ್ನಿಗೆ ಆನಿಕೆಯಿರುವ ಕುರ್ಚಿ ಮಾಡಿಕೊಟ್ಟ.

ಶಮೀಮಳ ಜಡೆಯನ್ನು ಈಗ ಅಪ್ಪನೇ ಹೆಣೆಯುತ್ತಾನೆ. ಬಿಲ್ಕೀಸ್ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಡುತ್ತಾಳೆ.

ಅಕ್ಕಂದಿರೆ, ಅಣ್ಣಂದಿರೆ, ಟೈಪ್ ಮಾಡುವಾಗ ಮೊಣಕೈ ಕೀಲಿಗಳ ಮಟ್ಟಕ್ಕಿರಲಿ, ಮಣಿಕಟ್ಟು ನೆಟ್ಟಗಿರಲಿ, ಪಾದ ನೆಲಕ್ಕೂರಲಿ. ಆಗಾಗ ಎದ್ದು ಕೈ ಸಡಿಲಿಸಿರಿ. ಜೋಮು ಹಿಡಿದರೆ ಕೂಡಲೇ ಡಾಕ್ಟರಿಗೆ ತೋರಿಸಿರಿ. ಮನೆಯವರು ನೋವು ಅಂದರೆ ನಗಬ್ಯಾಡ್ರಿ. ಅವರು ಕೂಡುವ ಕುರ್ಚಿಯನ್ನು ಇವತ್ತೇ ಹೋಗಿ ನೋಡಿ ಬರ್ರಿ.